ಮದುವೆಯಾಗಿ ಐದು ವಾರ ತುಂಬಿಲ್ಲ, ಚೀಟಿಯಲ್ಲಿ ಆರು ವಾರ: ಮೊದಲ ಬಸಿರು ಖಚಿತವಾಗುವ ಲೆಕ್ಕ

ಬೇಸಿಗೆಯ ಲಗ್ನಗಳೆಲ್ಲ ಮುಗಿದು ಆಷಾಢ ಹತ್ತಿರವಾಗುತ್ತಿದ್ದಂತೆ ಹೊಸ ಮದುಮಗಳು ತವರಿಗೆ ಬರುತ್ತಾಳೆ. ಬಂದ ಮೇಲೆ ಕ್ಯಾಲೆಂಡರ್ ನೋಡಿದರೆ ಮುಟ್ಟಿನ ದಿನ ದಾಟಿ ಹತ್ತು ದಿನವಾಗಿರುತ್ತದೆ. ಮದುವೆ ಓಡಾಟದ ಸುಸ್ತಿರಬೇಕು, ಊಟ ನಿದ್ದೆ ಏರುಪೇರಾಗಿದ್ದಕ್ಕಿರಬೇಕು ಅಂತ ಎರಡು ದಿನ ಸುಮ್ಮನಿದ್ದು, ಮೂರನೇ ದಿನ ಮೆಡಿಕಲ್ ಸ್ಟೋರಿನಿಂದ ಬಸಿರು ಪರೀಕ್ಷೆಯ ಕಾರ್ಡು ತರಿಸಿದರೆ ಎರಡು ಗೆರೆ. ಮಾರನೇ ದಿನ ಡಾಕ್ಟರು ಚೀಟಿಯಲ್ಲಿ ‘6 ವಾರ’ ಎಂದು ಬರೆಯುತ್ತಾರೆ. ಮದುವೆಯಾಗಿ ಇನ್ನೂ ಐದು ವಾರವೂ ತುಂಬಿರುವುದಿಲ್ಲ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಮನೆಗಳಲ್ಲಿ ಸಂತೋಷದ ಸುದ್ದಿ ಇಲ್ಲಿಗೆ ಬಂದು ತಡವರಿಸುತ್ತದೆ. ಯಾರೋ ಬೆರಳು ಮಡಿಚಿ ಎಣಿಸುತ್ತಾರೆ, ಯಾರೋ ಏನೂ ಕೇಳದೆ ಮುಖ ತಿರುಗಿಸುತ್ತಾರೆ. ಆ ಭಾರವೆಲ್ಲ ಬಂದು ಬೀಳುವುದು ಹುಡುಗಿಯ ಮೇಲೆ. ಇದು ಅನ್ಯಾಯ, ಏಕೆಂದರೆ ಮದುವೆಯಾದ ದಿನಕ್ಕಿಂತ ಚೀಟಿಯ ವಾರ ಹೆಚ್ಚಿರುವುದು ತೀರ ಸಹಜ. ಆ ಲೆಕ್ಕವನ್ನೇ ಮೊದಲು ಬಿಡಿಸಿ ನೋಡೋಣ.

ವಾರದ ಎಣಿಕೆ ಎಲ್ಲಿಂದ ಶುರು?

ಗರ್ಭ ನಿಂತದ್ದು ಇಂಥ ದಿನವೇ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಕೊನೆಯ ಮುಟ್ಟು ಯಾವತ್ತು ಶುರುವಾಯಿತು ಎಂಬುದು ಮಾತ್ರ ನೆನಪಿರುತ್ತದೆ. ಹಾಗಾಗಿ ಎಲ್ಲ ಕಡೆಯ ವೈದ್ಯರೂ ಬಸಿರನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದಲೇ ಎಣಿಸುತ್ತಾರೆ. ಚೀಟಿಯಲ್ಲಿ ‘ಎಲ್‌ಎಂಪಿ’ ಎಂದು ಬರೆಯುವುದು ಇದೇ ದಿನಾಂಕವನ್ನು. ಅಲ್ಲಿಂದ 280 ದಿನಕ್ಕೆ, ಅಂದರೆ 40 ವಾರಕ್ಕೆ, ಹೆರಿಗೆಯ ಅಂದಾಜು ದಿನ, ಅದು ‘ಇಡಿಡಿ’.

ಒಂದು ಉದಾಹರಣೆ ತೆಗೆದುಕೊಳ್ಳಿ. ಹುಡುಗಿಗೆ 28 ದಿನಕ್ಕೊಮ್ಮೆ ಮುಟ್ಟಾಗುತ್ತದೆ. ಕೊನೆಯ ಮುಟ್ಟು ಶುರುವಾದದ್ದು ಮೇ 2ಕ್ಕೆ. ಮದುವೆ ಮೇ 11ಕ್ಕೆ. ಅಂಡಾಶಯದಿಂದ ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು, ಅಂದರೆ ಮೇ 16ರ ಆಸುಪಾಸಿನಲ್ಲಿ. ಗರ್ಭ ನಿಲ್ಲುವುದು ಆಗಲೇ. ಜೂನ್ 13ಕ್ಕೆ ಡಾಕ್ಟರ ಹತ್ತಿರ ಹೋದರೆ ಮೇ 2ರಿಂದ 42 ದಿನ, ಸರಿಯಾಗಿ ಆರು ವಾರ. ಮದುವೆಯಾಗಿ 33 ದಿನ. ಹೊಟ್ಟೆಯಲ್ಲಿರುವ ಭ್ರೂಣದ ನಿಜವಾದ ವಯಸ್ಸು ನಾಲ್ಕೇ ವಾರ. ಮೂರು ಲೆಕ್ಕವೂ ಸರಿ, ಎಣಿಸಲು ಶುರು ಮಾಡಿದ ದಿನ ಮಾತ್ರ ಬೇರೆ.

ಪಾವಗಡದಿಂದ ತುಮಕೂರಿಗೆ ಹೊರಟ ಬಸ್ಸನ್ನು ಮಧುಗಿರಿಯಲ್ಲಿ ಹತ್ತಿದ ಹಾಗೆ ಇದು. ಬಸ್ಸು ಹೊರಟು ಎಷ್ಟು ಹೊತ್ತಾಯಿತು ಎಂದು ಕಂಡಕ್ಟರನ್ನು ಕೇಳಿದರೆ ಆತ ಪಾವಗಡದಿಂದಲೇ ಹೇಳುತ್ತಾನೆ. ಚೀಟಿಯ ವಾರದಲ್ಲೂ ಮಗು ಇನ್ನೂ ಬಸ್ಸನ್ನೇ ಹತ್ತದ ಎರಡು ವಾರ ಸೇರಿರುತ್ತದೆ. ಮುಟ್ಟು 35 ದಿನಕ್ಕೊಮ್ಮೆ ಆಗುವವರಲ್ಲಿ ಅಂಡ ಬಿಡುಗಡೆಯಾಗುವುದೇ 21ನೇ ದಿನದ ಸುಮಾರಿಗೆ, ಹಾಗಾಗಿ ಅವರಿಗೆ ಮೂರು ವಾರ ಹೆಚ್ಚು ಕಾಣುತ್ತದೆ.

ಮನೆಯಲ್ಲೇ ಹೆರಿಗೆ ದಿನ ತಿಳಿಯಲು ಎಲ್‌ಎಂಪಿಗೆ ಒಂಬತ್ತು ತಿಂಗಳು ಏಳು ದಿನ ಕೂಡಿಸುವ ರೂಢಿಯಿದೆ. ಮೇ 2ಕ್ಕೆ ಹಾಗೆ ಕೂಡಿಸಿದರೆ ಫೆಬ್ರವರಿ 9 ಬರುತ್ತದೆ. 280 ದಿನ ಎಣಿಸಿದರೆ ಫೆಬ್ರವರಿ 6. ತಿಂಗಳುಗಳ ಉದ್ದ ಬೇರೆಬೇರೆ ಇರುವುದರಿಂದ ಬರುವ ವ್ಯತ್ಯಾಸ ಅದು, ತಲೆಕೆಡಿಸಿಕೊಳ್ಳಬೇಕಿಲ್ಲ.

ಮದುವೆ ಹೊತ್ತಿನ ಮಾತ್ರೆಗಳು ತರುವ ಗೊಂದಲ

ಧಾರೆಯ ದಿನಕ್ಕೆ ‘ಹೊರಗಾಗಬಾರದು’ ಎಂದು ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಳ್ಳುವುದು ಈಗ ಸಾಮಾನ್ಯ. ಇದು ನಾರ್‌ಎಥಿಸ್ಟೆರಾನ್ 5 ಮಿಲಿಗ್ರಾಂ. ಮುಟ್ಟಿನ ದಿನಕ್ಕೆ ಮೂರು ದಿನ ಮೊದಲೇ ಶುರುಮಾಡಿ ದಿನಕ್ಕೆ ಮೂರು ಸಲ ಕೊಡುವುದು ರೂಢಿ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಇದು ಗರ್ಭನಿರೋಧಕ ಮಾತ್ರೆ ಅಲ್ಲ. ‘ಮಾತ್ರೆ ನುಂಗಿದ್ದೀನಲ್ಲ, ಏನೂ ಆಗಲ್ಲ’ ಎಂದುಕೊಂಡಿದ್ದರಿಂದಲೇ ನಿಂತ ಬಸಿರುಗಳು ಇವೆ. ಈ ಮಾತ್ರೆ ತೆಗೆದುಕೊಂಡಿದ್ದರೆ ಆ ತಿಂಗಳ ದಿನಗಳೆಲ್ಲ ಮುಂದೆ ಸರಿದಿರುತ್ತವೆ. ಅದನ್ನು ಡಾಕ್ಟರಿಗೆ ಹೇಳದಿದ್ದರೆ ವಾರದ ಲೆಕ್ಕ ತಪ್ಪುತ್ತದೆ. ನಿಲ್ಲಿಸಿ ಹತ್ತು ದಿನವಾದರೂ ಮುಟ್ಟಾಗದಿದ್ದರೆ ಕಾರ್ಡು ಹಾಕಿ ನೋಡಿ.

ಎರಡನೆಯದು ಐ-ಪಿಲ್‌ನಂಥ ತುರ್ತು ಮಾತ್ರೆ. ಇದರಲ್ಲಿರುವುದು ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, 72 ಗಂಟೆಯೊಳಗೆ ನುಂಗಬೇಕು. ಮುಖ್ಯವಾಗಿ ಅಂಡ ಬಿಡುಗಡೆಯಾಗುವುದನ್ನು ತಡಮಾಡುವುದು ಇದರ ಕೆಲಸ. ಅಂಡ ಆಗಲೇ ಹೊರಬಂದಿದ್ದರೆ ಇದರಿಂದ ಹೆಚ್ಚು ಉಪಯೋಗವಾಗದು. ನುಂಗಿದ ಮೇಲೆ ಸ್ವಲ್ಪ ರಕ್ತ ಕಂಡರೆ ‘ಸದ್ಯ, ಮುಟ್ಟಾಯಿತು’ ಎನ್ನುವಂತಿಲ್ಲ, ಮಾತ್ರೆಯ ಪ್ರಭಾವದಿಂದಲೂ ರಕ್ತ ಕಾಣುತ್ತದೆ. ನಿಂತಿರುವ ಗರ್ಭಕ್ಕೆ ಇದರಿಂದ ಹಾನಿಯಿಲ್ಲ, ಆ ಭಯ ಬೇಡ.

ಹೀಗೆ ದಿನಗಳೇ ಕಲಸಿಹೋಗಿದ್ದರೆ ಒಂದು ಸರಳ ನಿಯಮವಿದೆ: ಕೊನೆಯ ಸಲ ಗರ್ಭನಿರೋಧಕವಿಲ್ಲದೆ ಕೂಡಿದ ದಿನದಿಂದ 21 ದಿನ ಕಳೆದ ಮೇಲೆ ಕಾರ್ಡು ಹಾಕಿ. ಆಗ ಬರುವ ಉತ್ತರವನ್ನು ನಂಬಬಹುದು.

ಕಾರ್ಡಿಗೆ ಗೊತ್ತಾಗುವುದು ಹೇಗೆ?

ಅಂಡ ಮತ್ತು ವೀರ್ಯಾಣು ಸೇರುವುದು ಗರ್ಭನಾಳದಲ್ಲಿ. ಅಲ್ಲಿಂದ ಇಳಿದು ಬಂದು ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳಲು ಆರರಿಂದ ಹತ್ತು ದಿನ ಬೇಕು. ಅಂಟಿಕೊಂಡ ಮೇಲೆಯೇ ಎಚ್‌ಸಿಜಿ ಎಂಬ ಹಾರ್ಮೋನು ತಾಯಿಯ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಇಳಿಯುತ್ತದೆ. ಮೊದಮೊದಲು ಅದು ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತ ಹೋಗುತ್ತದೆ.

ರಾತ್ರಿ ಹಾಲಿಗೆ ಹೆಪ್ಪು ಹಾಕಿ ಒಂದು ಗಂಟೆ ಬಿಟ್ಟು ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇರುತ್ತದೆ. ಕೆಲಸ ಒಳಗೆ ನಡೆಯುತ್ತಲೇ ಇರುತ್ತದೆ, ಕಣ್ಣಿಗೆ ಕಾಣುವಷ್ಟು ಆಗಿರುವುದಿಲ್ಲ. ಮುಟ್ಟಿನ ದಿನಕ್ಕೆ ಮೊದಲೇ ಕಾರ್ಡು ಹಾಕಿದರೂ ಹೀಗೆಯೇ. ಅಂಗಡಿಯಲ್ಲಿ ಸಿಗುವ ಬಹುತೇಕ ಕಾರ್ಡುಗಳು ಒಂದು ಮಿಲಿಲೀಟರ್ ಮೂತ್ರದಲ್ಲಿ 20ರಿಂದ 25 ಮಿಲಿ ಯೂನಿಟ್ ಎಚ್‌ಸಿಜಿ ಇದ್ದರೆ ಮಾತ್ರ ಗುರುತಿಸುತ್ತವೆ.

ಗೆರೆ ಮೂಡುವ ಬಗೆ ಹೀಗೆ. ಕಾರ್ಡಿನ ಒಳಗಿರುವ ಪಟ್ಟಿಯಲ್ಲಿ ಎಚ್‌ಸಿಜಿಯನ್ನು ಹಿಡಿದುಕೊಳ್ಳುವ ಬಣ್ಣದ ಕಣಗಳಿರುತ್ತವೆ. ಹನಿ ಬಿದ್ದಾಗ ಅವು ಮೂತ್ರದ ಜೊತೆ ಮುಂದೆ ಹರಿಯುತ್ತವೆ. ‘ಟಿ’ ಜಾಗದಲ್ಲಿ, ಎಚ್‌ಸಿಜಿಯನ್ನು ಹೊತ್ತು ತಂದ ಕಣಗಳನ್ನಷ್ಟೇ ತಡೆದು ನಿಲ್ಲಿಸುವ ವಸ್ತು ಇದೆ. ‘ಸಿ’ ಜಾಗದಲ್ಲಿ ಖಾಲಿ ಕೈಯಲ್ಲಿ ಬಂದ ಕಣಗಳೂ ನಿಲ್ಲುತ್ತವೆ. ‘ಸಿ’ ಗೆರೆ ಬಂದರೆ ಕಾರ್ಡು ಕೆಲಸ ಮಾಡಿದೆ ಎಂದರ್ಥ. ‘ಟಿ’ ಗೆರೆ ಬಂದರೆ ಎಚ್‌ಸಿಜಿ ಇದೆ ಎಂದರ್ಥ.

ಕಾರ್ಡು ಹಾಕುವ ಕ್ರಮ

ಕಾರ್ಡಿಗೆ ಸಾಮಾನ್ಯವಾಗಿ ನೂರು ರೂಪಾಯಿ ಒಳಗೇ ಆಗುತ್ತದೆ. ಅಂಗಡಿಯಲ್ಲಿ ಕೇಳಲು ಮುಜುಗರವಾದರೆ ಊರಿನ ಆಶಾ ಕಾರ್ಯಕರ್ತೆಯ ಬಳಿ ಸರ್ಕಾರದ ‘ನಿಶ್ಚಯ್’ ಕಿಟ್ ಇರುತ್ತದೆ, ದುಡ್ಡಿಲ್ಲ.

ಪೊಟ್ಟಣದ ಮೇಲಿನ ಅವಧಿ ಮುಗಿಯುವ ದಿನಾಂಕ ಮೊದಲು ನೋಡಿ. ಬೆಳಿಗ್ಗೆ ಎದ್ದ ತಕ್ಷಣದ ಮೂತ್ರವನ್ನು ತೊಳೆದು ಒಣಗಿಸಿದ ಲೋಟದಲ್ಲೋ ಬಿಸಾಡುವ ಕಪ್ಪಿನಲ್ಲೋ ಹಿಡಿಯಿರಿ. ರಾತ್ರಿಯಿಡೀ ನಿಂತ ಮೂತ್ರ ಗಟ್ಟಿಯಾಗಿರುವುದರಿಂದ ಅದರಲ್ಲಿ ಹಾರ್ಮೋನು ಹೆಚ್ಚಿರುತ್ತದೆ. ಪೊಟ್ಟಣವನ್ನು ಬಳಸುವ ಹೊತ್ತಿಗೇ ಹರಿಯಬೇಕು, ಮೊದಲೇ ತೆರೆದಿಟ್ಟರೆ ತೇವ ಹಿಡಿಯುತ್ತದೆ. ಒಳಗೆ ಕಾರ್ಡು, ಪುಟ್ಟ ಡ್ರಾಪರ್, ತೇವ ಹೀರುವ ಸಿಲಿಕಾ ಚೀಲ ಇರುತ್ತವೆ. ಕಾರ್ಡನ್ನು ಸಮತಟ್ಟಾದ ಜಾಗದಲ್ಲಿಟ್ಟು ‘ಎಸ್’ ಎಂದು ಬರೆದ ಗುಂಡಿಗೆ ಪೊಟ್ಟಣದಲ್ಲಿ ಹೇಳಿದಷ್ಟೇ ಹನಿ, ಸಾಮಾನ್ಯವಾಗಿ ಎರಡು ಮೂರು ಹನಿ, ನಿಧಾನವಾಗಿ ಬಿಡಿ. ಗುಂಡಿ ತುಂಬಿ ಹರಿಯುವಷ್ಟು ಸುರಿದರೆ ಕಾರ್ಡು ಕೆಡುತ್ತದೆ. ಮಸುಕು ಗುಲಾಬಿ ಬಣ್ಣ ಕಿಟಕಿಯುದ್ದಕ್ಕೂ ತೆವಳಿಕೊಂಡು ಹೋಗಿ, ಹಿಂದೆ ಬಿಳಿ ಬಿಟ್ಟು, ಗೆರೆಗಳು ಮೂಡುತ್ತವೆ. ಐದು ನಿಮಿಷಕ್ಕೆ ನೋಡಿ. ಹತ್ತು ನಿಮಿಷ ದಾಟಿದ ಮೇಲೆ ಅದನ್ನು ಓದಬೇಡಿ: ಮೂತ್ರ ಆರಿದಾಗ ಬೂದು ಬಣ್ಣದ ಸುಳ್ಳು ಗೆರೆ ಕಾಣುವುದುಂಟು.

ಎರಡೂ ಗೆರೆ ಬಂದರೆ ಬಸಿರು. ‘ಟಿ’ ಗೆರೆ ತಿಳಿಯಾಗಿದ್ದರೂ ಗುಲಾಬಿ ಬಣ್ಣದಲ್ಲಿದ್ದರೆ ಅದೂ ಬಸಿರೇ, ದಿನ ಕಡಿಮೆಯಾಗಿದೆ ಅಷ್ಟೆ. ಎರಡು ದಿನ ಬಿಟ್ಟು ಇನ್ನೊಂದು ಕಾರ್ಡಿನಲ್ಲಿ ನೋಡಿದರೆ ಗಾಢವಾಗಿರುತ್ತದೆ. ‘ಸಿ’ ಗೆರೆಯೇ ಬರದಿದ್ದರೆ ಆ ಕಾರ್ಡು ಕೆಟ್ಟಿದೆ, ಹೊಸದು ತರಿಸಿ.

ಸಕ್ಕರೆ, ಉಪ್ಪು, ಟೂತ್‌ಪೇಸ್ಟ್ ಹಾಕಿ ನೋಡುವ ಮನೆ ಪರೀಕ್ಷೆಗಳಿಂದ ಏನೂ ತಿಳಿಯುವುದಿಲ್ಲ. ಇವು ಯಾವುವೂ ಎಚ್‌ಸಿಜಿಯನ್ನು ಗುರುತಿಸಲಾರವು.

ಒಂದೇ ಗೆರೆ ಬಂತು, ಆದರೂ ಮುಟ್ಟಿಲ್ಲ

ಬಸಿರಿದ್ದೂ ಕಾರ್ಡು ‘ಇಲ್ಲ’ ಎನ್ನುವುದಕ್ಕೆ ಮುಖ್ಯ ಕಾರಣ ಅವಸರ. ಆ ತಿಂಗಳು ಅಂಡ ತಡವಾಗಿ ಬಿಡುಗಡೆಯಾಗಿದ್ದರೆ ಮುಟ್ಟು ತಪ್ಪಿ ಐದು ದಿನವಾದರೂ ಎಚ್‌ಸಿಜಿ ಸಾಲದಿರಬಹುದು. ಮೂರು ನಾಲ್ಕು ಲೋಟ ನೀರು ಕುಡಿದು ಮಧ್ಯಾಹ್ನ ಪರೀಕ್ಷಿಸಿದರೂ ಹಾಗಾಗುತ್ತದೆ. ಒಂದು ವಾರ ಬಿಟ್ಟು ಮತ್ತೆ ನೋಡಿ. ಆಗಲೂ ಒಂದೇ ಗೆರೆ, ಮುಟ್ಟೂ ಇಲ್ಲ ಎಂದಾದರೆ ಪಿಸಿಒಡಿ (ಹಾರ್ಮೋನಿನ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ), ಥೈರಾಯ್ಡ್, ತೂಕದ ಏರಿಳಿತ ಇಂಥವು ಕಾರಣವಿರಬಹುದು, ವೈದ್ಯರಿಗೆ ತೋರಿಸಬೇಕು.

ಬಸಿರಿಲ್ಲದೆಯೂ ಎರಡು ಗೆರೆ ಬರುವುದು ಅಪರೂಪ. ಇತ್ತೀಚೆಗೆ ಗರ್ಭಪಾತವಾಗಿದ್ದರೆ, ಚಿಕಿತ್ಸೆಗೆಂದು ಎಚ್‌ಸಿಜಿ ಇಂಜೆಕ್ಷನ್ ಪಡೆದಿದ್ದರೆ ಹಾಗಾಗುತ್ತದೆ. ಇವತ್ತು ಎರಡು ಗೆರೆ, ವಾರದೊಳಗೆ ಮುಟ್ಟು, ಆಮೇಲೆ ಒಂದೇ ಗೆರೆ ಎಂದಾದರೆ ಬಹುಮಟ್ಟಿಗೆ ಗರ್ಭ ಅಂಟಿಕೊಂಡು ಕೂಡಲೇ ಜಾರಿದೆ ಎಂದರ್ಥ. ಇದು ಸಾಕಷ್ಟು ಜನರಲ್ಲಿ ಆಗುವಂಥದ್ದು. ಬಸ್ಸಿನಲ್ಲಿ ಓಡಾಡಿದ್ದಕ್ಕೋ ಬಿಂದಿಗೆ ಎತ್ತಿದ್ದಕ್ಕೋ ಆದದ್ದಲ್ಲ. ಯಾರನ್ನೂ ದೂರಬಾರದು, ಹುಡುಗಿ ತನ್ನನ್ನು ತಾನೂ ದೂರಿಕೊಳ್ಳಬಾರದು.

ಇನ್ನೊಂದು ಗೊಂದಲ ದಿನದ ಲೆಕ್ಕಕ್ಕೇ ಕೈಹಾಕುತ್ತದೆ. ಬಸಿರಿನ ಶುರುವಿನಲ್ಲಿ, ಮುಟ್ಟಾಗಬೇಕಿದ್ದ ದಿನದ ಆಸುಪಾಸಿನಲ್ಲೇ, ಕೆಲವರಿಗೆ ಒಂದೆರಡು ದಿನ ಕಂದು ಅಥವಾ ತಿಳಿಗೆಂಪು ಕಲೆ ಕಾಣುತ್ತದೆ. ಅದನ್ನು ಮುಟ್ಟೆಂದು ತಿಳಿದು ಡಾಕ್ಟರಿಗೆ ಆ ದಿನಾಂಕ ಹೇಳಿದರೆ, ಸ್ಕ್ಯಾನಿನಲ್ಲಿ ನಾಲ್ಕು ವಾರ ಹೆಚ್ಚು ಬರುತ್ತದೆ. ಮನೆಯಲ್ಲಿ ಮತ್ತೆ ಬೆರಳೆಣಿಕೆ ಶುರು. ಆದ್ದರಿಂದ ‘ಕೊನೆಯ ಸಲ ಎಂದಿನಂತೆ ಪೂರ್ತಿ ಮುಟ್ಟಾದದ್ದು ಯಾವಾಗ’ ಎಂಬುದನ್ನೇ ಹೇಳಬೇಕು.

ರಕ್ತ ಪರೀಕ್ಷೆ ಯಾರಿಗೆ ಬೇಕು?

ಕಾರ್ಡಿನಲ್ಲಿ ಸ್ಪಷ್ಟವಾಗಿ ಎರಡು ಗೆರೆ ಬಂದು ಹೊಟ್ಟೆನೋವು, ರಕ್ತ ಏನೂ ಇಲ್ಲದಿದ್ದರೆ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆಗೆ ದುಡ್ಡು ಸುರಿಯಬೇಕಿಲ್ಲ. ಅನುಮಾನವಿದ್ದಾಗ ಅದು ಬೇಕು. ಒಂದು ಮಿಲಿಲೀಟರ್ ರಕ್ತದಲ್ಲಿ ಎಚ್‌ಸಿಜಿ 5 ಮಿಲಿ ಯೂನಿಟ್‌ಗಿಂತ ಕಡಿಮೆಯಿದ್ದರೆ ಬಸಿರಿಲ್ಲ, 25ಕ್ಕಿಂತ ಹೆಚ್ಚಿದ್ದರೆ ಇದೆ, ನಡುವೆ ಇದ್ದರೆ 48 ಗಂಟೆ ಬಿಟ್ಟು ಮತ್ತೆ ನೋಡಬೇಕು. ಒಂದು ಸಲದ ಅಂಕಿಗಿಂತ ಎರಡು ಅಂಕಿಗಳ ನಡುವಿನ ಏರಿಕೆ ಹೆಚ್ಚು ಹೇಳುತ್ತದೆ. ನೆಟ್ಟಗೆ ಬೆಳೆಯುತ್ತಿರುವ ಗರ್ಭದಲ್ಲಿ ಶುರುವಿನ ದಿನಗಳಲ್ಲಿ ಎರಡು ದಿನಕ್ಕೆ ಅರ್ಧದಷ್ಟಾದರೂ ಏರುತ್ತದೆ. ಏರಿಕೆ ಕುಂಟಿದರೆ ಗರ್ಭ ಎಲ್ಲಿ ಕೂತಿದೆ ಎಂದು ಹುಡುಕಬೇಕಾಗುತ್ತದೆ.

ಸ್ಕ್ಯಾನಿಂಗ್: ಎಲ್ಲಿದೆ, ಎಷ್ಟು ವಾರ?

ಕಾರ್ಡಿಗೂ ರಕ್ತಕ್ಕೂ ಹೇಳಲಾಗದ ಎರಡು ಸಂಗತಿ ಸ್ಕ್ಯಾನಿನಲ್ಲಿ ತಿಳಿಯುತ್ತವೆ: ಗರ್ಭ ಗರ್ಭಕೋಶದ ಒಳಗೇ ಇದೆಯೇ, ಬೆಳವಣಿಗೆ ಎಷ್ಟಾಗಿದೆ.

ಎಲ್‌ಎಂಪಿ ಲೆಕ್ಕದಲ್ಲಿ ಐದನೇ ವಾರಕ್ಕೆ ಗರ್ಭದ ಚೀಲ, ಆರರಿಂದ ಆರೂವರೆ ವಾರಕ್ಕೆ ಹೃದಯ ಬಡಿತ ಕಾಣತೊಡಗುತ್ತವೆ. ಇದು ಯೋನಿಯ ಮೂಲಕ ಮಾಡುವ ಸ್ಕ್ಯಾನಿನ ಮಾತು. ಹೊಟ್ಟೆಯ ಮೇಲಿನಿಂದ ಮಾಡಿದರೆ ಸುಮಾರು ಒಂದು ವಾರ ತಡವಾಗಿ ಕಾಣುತ್ತದೆ. ಒಳಗಿನಿಂದ ಮಾಡುವ ಸ್ಕ್ಯಾನ್ ಎಂದರೆ ಹೊಸ ಹುಡುಗಿಯರು ಹೆದರುತ್ತಾರೆ. ಬೆರಳಿಗಿಂತ ಸ್ವಲ್ಪ ದಪ್ಪದ ಉಪಕರಣಕ್ಕೆ ಹೊಸ ಕಾಂಡೋಮ್ ಹಾಕಿ, ಜೆಲ್ ಸವರಿ ಮಾಡುತ್ತಾರೆ, ಮೂತ್ರ ಖಾಲಿ ಮಾಡಿ ಹೋಗಬೇಕು, ಗರ್ಭಕ್ಕೆ ತೊಂದರೆಯಿಲ್ಲ. ಬೇಡವೆನಿಸಿದರೆ ಬೇಡ ಎನ್ನುವ ಹಕ್ಕೂ ಇದೆ. ಆಗ ನೀರು ಕುಡಿದು, ಮೂತ್ರ ತುಂಬಿಸಿಕೊಂಡು, ಹೊಟ್ಟೆಯ ಮೇಲಿನಿಂದ ಮಾಡಿಸಬಹುದು.

ಅವಸರಪಟ್ಟು ಐದನೇ ವಾರಕ್ಕೇ ಸ್ಕ್ಯಾನ್ ಮಾಡಿಸಿ, ‘ಹಾರ್ಟ್‌ಬೀಟ್ ಬಂದಿಲ್ಲವಂತೆ’ ಎಂದು ಮನೆಮಂದಿಯೆಲ್ಲ ಅಳುವುದುಂಟು. ಭ್ರೂಣದ ಉದ್ದ 7 ಮಿಲಿಮೀಟರ್ ಮುಟ್ಟಿದ ಮೇಲೂ ಬಡಿತ ಕಾಣದಿದ್ದರೆ, ಅಥವಾ ಚೀಲ 25 ಮಿಲಿಮೀಟರ್ ಆದರೂ ಒಳಗೆ ಭ್ರೂಣವಿಲ್ಲದಿದ್ದರೆ ಮಾತ್ರ ಗರ್ಭ ಉಳಿದಿಲ್ಲ ಎನ್ನುತ್ತಾರೆ. ಅದಕ್ಕಿಂತ ಚಿಕ್ಕದಿದ್ದರೆ ಒಂದೆರಡು ವಾರ ಕಾದು ಮತ್ತೆ ನೋಡುವುದೇ ಕ್ರಮ. ನೋವು, ರಕ್ತ ಇಲ್ಲದವರು ಏಳನೇ ವಾರ ದಾಟಿದ ಮೇಲೆ ಮೊದಲ ಸ್ಕ್ಯಾನ್ ಮಾಡಿಸಿದರೆ ಈ ಸಂಕಟವೇ ಇರುವುದಿಲ್ಲ.

ಮೊದಲ ಮೂರು ತಿಂಗಳ ಸ್ಕ್ಯಾನಿನಲ್ಲಿ ಭ್ರೂಣದ ಉದ್ದ ಅಳೆದು ಹೇಳುವ ವಾರ ಬಹಳ ನಿಖರ. ಆದರೂ ಐದರಿಂದ ಏಳು ದಿನ ಹಿಂದೆ ಮುಂದೆ ಇರುತ್ತದೆ. ಇಂಥ ದಿನವೇ ಗರ್ಭ ನಿಂತಿತು ಎಂದು ಯಾವ ಸ್ಕ್ಯಾನಿನಿಂದಲೂ ಹೇಳಲಾಗದು. ಮಗು ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯ್ದೆಯಂತೆ ಅಪರಾಧ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ನೂರರಲ್ಲಿ ಒಂದೆರಡು ಬಸಿರು ಗರ್ಭಕೋಶದ ಹೊರಗೆ, ಹೆಚ್ಚಾಗಿ ಗರ್ಭನಾಳದಲ್ಲೇ, ಕೂರುತ್ತವೆ. ಕಾರ್ಡಿನಲ್ಲಿ ಅದೂ ಎರಡೇ ಗೆರೆ. ಬೆಳೆದಂತೆ ನಾಳ ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯುತ್ತದೆ. ಕಿಬ್ಬೊಟ್ಟೆಯ ಒಂದೇ ಕಡೆ ನೋವು, ಭುಜದ ತುದಿಯಲ್ಲಿ ನೋವು, ರಕ್ತದ ಕಲೆ, ಕಣ್ಣು ಕತ್ತಲೆ ಬಂದು ಬೀಳುವಂತಾಗುವುದು, ಇವುಗಳಲ್ಲಿ ಯಾವುದಿದ್ದರೂ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಮಲಗಬೇಡಿ. 108ಕ್ಕೆ ಫೋನ್ ಮಾಡಿ, ರಾತ್ರಿಯಾದರೂ ಸರಿ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ. ನೀರೂ ನಿಲ್ಲದಷ್ಟು ವಾಂತಿಯಾಗಿ ಮೂತ್ರ ಕಡಿಮೆಯಾದರೆ, ಪ್ಯಾಡ್ ತುಂಬುವಷ್ಟು ರಕ್ತ ಹೋದರೆ, ಜ್ವರ ಬಂದರೆ ಅಂದೇ ತೋರಿಸಬೇಕು.

ಖಚಿತವಾದ ವಾರದಲ್ಲೇ ಮಾಡಬೇಕಾದದ್ದು

ಮಗುವಿನ ಮೆದುಳು, ಬೆನ್ನುಹುರಿಯಾಗುವ ನಾಳ ಮುಚ್ಚಿಕೊಳ್ಳುವುದು ಎಲ್‌ಎಂಪಿ ಲೆಕ್ಕದ ಆರನೇ ವಾರದೊಳಗೆ. ಬಸಿರು ಗೊತ್ತಾಗುವ ಹೊತ್ತಿಗೆ ಆ ಕೆಲಸ ಮುಗಿಯುತ್ತ ಬಂದಿರುತ್ತದೆ. ಅದಕ್ಕೇ ಫೋಲಿಕ್ ಆಸಿಡ್ ಮಾತ್ರೆಯನ್ನು ಒಂದು ದಿನವೂ ತಡಮಾಡದೆ ಶುರುಮಾಡಬೇಕು. ಬೇಕಾದದ್ದು ದಿನಕ್ಕೆ 400 ಮೈಕ್ರೋಗ್ರಾಂ. ಅಂಗಡಿಯಲ್ಲಿ ಸುಲಭವಾಗಿ ಕೈಗೆ ಬರುವ 5 ಮಿಲಿಗ್ರಾಂ ಮಾತ್ರೆ ಅದರ ಹನ್ನೆರಡು ಪಟ್ಟಿಗೂ ಹೆಚ್ಚು. ಅದು ಯಾರಿಗೆ ಬೇಕೆಂದು ವೈದ್ಯರೇ ಹೇಳಬೇಕು. ಸರ್ಕಾರಿ ಕೇಂದ್ರಗಳಲ್ಲಿ ಕಬ್ಬಿಣದ ಮಾತ್ರೆ ನಾಲ್ಕನೇ ತಿಂಗಳಿನಿಂದ ಶುರು.

ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಹೆಸರನ್ನೆಲ್ಲ ಡಾಕ್ಟರಿಗೆ ತೋರಿಸಿ. ಮದುವೆಗೆ ಮುಖ ತಿಳಿಯಾಗಲೆಂದು ಮೊಡವೆಗೆ ಐಸೊಟ್ರೆಟಿನೊಯಿನ್ ತೆಗೆದುಕೊಳ್ಳುತ್ತಿದ್ದರೆ ಅವತ್ತೇ ನಿಲ್ಲಿಸಿ ವೈದ್ಯರನ್ನು ಕಾಣಿ, ಮಗುವಿನ ಅಂಗಾಂಗಗಳಿಗೆ ಅದು ಅಪಾಯಕಾರಿ. ಮೂರ್ಛೆರೋಗದ ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು, ಕೇಳಿಯೇ ಬದಲಿಸಬೇಕು.

ಮೊದಲ ಭೇಟಿಯಲ್ಲಿ ತೂಕ, ಬಿಪಿ, ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಮೂತ್ರ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆ ಮಾಡುತ್ತಾರೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ರಕ್ತದ ಗುಂಪು ನೆಗೆಟಿವ್ ಬಂದರೆ ಗಂಡನದನ್ನೂ ಪರೀಕ್ಷಿಸಬೇಕು. ಅವರದು ಪಾಸಿಟಿವ್ ಆಗಿದ್ದರೆ ತಾಯಿಯ ದೇಹ ಮಗುವಿನ ರಕ್ತದ ವಿರುದ್ಧ ತಿರುಗದಂತೆ ಮುಂದೆ 28ನೇ ವಾರಕ್ಕೆ ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ.

ನಮ್ಮ ಕಡೆಗೇ ಸೇರಿದ ಒಂದೆರಡು ಮಾತು. ರೇಷ್ಮೆ ಸಾಕುವ ಮನೆಯಾದರೆ ಹುಳುಮನೆಗೆ ಫಾರ್ಮಲಿನ್ ಹೊಡೆಯುವಾಗ, ಟೊಮೆಟೊ ಅಥವಾ ದ್ರಾಕ್ಷಿ ತೋಟವಾದರೆ ಔಷಧಿ ಸಿಂಪಡಿಸುವಾಗ ಬಸುರಿ ಹತ್ತಿರವಿರಬಾರದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದೆ. ಕಾಯಿಸಿದರೆ ಅದು ಹೋಗುವುದಿಲ್ಲ, ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯಲಿ.

ಈಗಲೇ ಬೇಡ ಎನಿಸಿದರೆ

ಓದು, ಕೆಲಸ, ಆರೋಗ್ಯ ಏನೇ ಕಾರಣವಿರಲಿ, ಹೀಗನಿಸುವುದು ತಪ್ಪಲ್ಲ. 1971ರ ಗರ್ಭಪಾತ ಕಾಯ್ದೆ, 2021ರ ತಿದ್ದುಪಡಿಯ ನಂತರ, ಗರ್ಭನಿರೋಧಕ ವಿಫಲವಾದದ್ದನ್ನೂ ಸೇರಿಸಿ ಹಲವು ಕಾರಣಗಳಿಗೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ ಅವಕಾಶ ಕೊಡುತ್ತದೆ. 18 ತುಂಬಿದ ಹೆಣ್ಣಿನ ಒಪ್ಪಿಗೆ ಸಾಕು. ಗಂಡನದಾಗಲಿ ಅತ್ತೆ ಮಾವನದಾಗಲಿ ಸಹಿ ಕಾನೂನಿಗೆ ಬೇಕಿಲ್ಲ. ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ.

ಚೀಟಿಯಿಲ್ಲದೆ ಯಾರ ಕೈಯಲ್ಲೋ ತರಿಸಿದ ಗರ್ಭಪಾತದ ಮಾತ್ರೆಯನ್ನು ಮಾತ್ರ ನುಂಗಬೇಡಿ. ಗರ್ಭ ನಾಳದಲ್ಲಿದ್ದರೆ ಆ ಮಾತ್ರೆಯಿಂದ ಹೋಗುವುದಿಲ್ಲ. ರಕ್ತ ಬಂತು, ಮುಗಿಯಿತು ಎಂದುಕೊಂಡಿರುವಾಗಲೇ ನಾಳ ಒಡೆಯಬಹುದು. ವಾರ ಹೆಚ್ಚಾಗಿದ್ದರೆ ಅರ್ಧ ಉಳಿದು ನಂಜಾಗುತ್ತದೆ. ಮೊದಲ ಬಸಿರು ತೆಗೆಸಿದರೆ ಮತ್ತೆ ಮಕ್ಕಳಾಗುವುದಿಲ್ಲ ಎಂಬ ಮಾತು ವೈದ್ಯರ ಕೈಯಲ್ಲಿ ಸರಿಯಾಗಿ ಆದ ಗರ್ಭಪಾತಕ್ಕೆ ಹೊಂದುವುದಿಲ್ಲ. ನಂಜಾದಾಗ ಆ ಅಪಾಯವಿದೆ. ಪಪ್ಪಾಯಿ, ಎಳ್ಳು, ಕಷಾಯ ನಂಬಿ ವಾರ ಕಳೆದರೆ ಸುರಕ್ಷಿತ ದಾರಿಗಳು ಒಂದೊಂದೇ ಮುಚ್ಚುತ್ತವೆ.

ತಾಯಿ ಕಾರ್ಡ್: ಗಂಡನ ಮನೆಯಲ್ಲೋ, ತವರಿನಲ್ಲೋ?

ಮುಂದುವರಿಸುವುದಾದರೆ 12 ವಾರದೊಳಗೆ ಹೆಸರು ನೋಂದಾಯಿಸಬೇಕು. ಆಶಾ ಕಾರ್ಯಕರ್ತೆಗೆ ಹೇಳಿದರೆ ಅವರೇ ಉಪಕೇಂದ್ರದ ಸಿಸ್ಟರ್ ಹತ್ತಿರ ಕರೆದೊಯ್ಯುತ್ತಾರೆ. ಆಧಾರ್, ಹುಡುಗಿಯ ಸ್ವಂತ ಹೆಸರಿನಲ್ಲಿರುವ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯ ಪುಸ್ತಕ, ಎಲ್‌ಎಂಪಿ ದಿನಾಂಕ ಬರೆದ ಚೀಟಿ ಒಯ್ಯಿರಿ. ಬಸಿರು, ಹೆರಿಗೆಯ ವಿವರ ಬರೆದಿಡುವ ತಾಯಿ ಕಾರ್ಡ್ ಕೊಟ್ಟು ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಚುಚ್ಚುಮದ್ದಿನ ಮೊದಲ ಡೋಸ್ ಹಾಕುತ್ತಾರೆ, ನಾಲ್ಕು ವಾರಕ್ಕೆ ಎರಡನೆಯದು. ಮಾತೃವಂದನಾ ಯೋಜನೆಗೆ ಅರ್ಹರಾದವರಿಗೆ ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತಿನಲ್ಲಿ ಬರುತ್ತದೆ: 3,000 ಮತ್ತು 2,000. ನಾಲ್ಕನೇ ತಿಂಗಳಿನಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತದೆ.

ಶಿಡ್ಲಘಟ್ಟದ ಗಂಡನ ಮನೆಯಲ್ಲಿ ನೋಂದಾಯಿಸಿದರೆ ಶಿರಾದ ತವರಿನಲ್ಲಿ ಮತ್ತೆ ಹೊಸ ಕಾರ್ಡು ಮಾಡಿಸಬೇಕಿಲ್ಲ. ಕಾರ್ಡಿನ ಮೇಲಿರುವ ಆರ್‌ಸಿಎಚ್ ನಂಬರು, ಅಂದರೆ ಸರ್ಕಾರದ ತಾಯಿ-ಮಗು ದಾಖಲೆಯ ಸಂಖ್ಯೆ, ಎರಡೂ ಕಡೆ ನಡೆಯುತ್ತದೆ. ಎರಡು ಕಡೆ ಎರಡು ಕಾರ್ಡಾದರೆ ಯೋಜನೆಯ ಹಣಕ್ಕೂ ತೊಡಕು, ಪರೀಕ್ಷೆಯ ವಿವರವೂ ಹಂಚಿಹೋಗುತ್ತದೆ. ಆಷಾಢಕ್ಕೆ ಬಂದಾಗಲೂ, ಮುಂದೆ ಹೆರಿಗೆಗೆ ಬರುವಾಗಲೂ, ಸೀರೆಗಳ ಜೊತೆ ಆ ಒಂದೇ ಕಾರ್ಡು, ಸ್ಕ್ಯಾನಿನ ಎಲ್ಲ ಚೀಟಿಗಳ ಸಮೇತ, ಬ್ಯಾಗಿನಲ್ಲಿರಲಿ.